ಹಂದಿಗೊಂದು, ಜಿಂಕೆಗೊಂದು: ರೈಫಲ್ ಗುಂಡು ಆರಿಸಿಕೊಳ್ಳುವವರಿಗೆ ಒಂದು ಹೋಲಿಕೆ

ಟೆಕ್ಸಸ್‌ನ ಆಸ್ಟಿನ್‌ನಲ್ಲಿ ಕೆಲಸದಲ್ಲಿರುವ ನನ್ನ ಅಕ್ಕನ ಮಗ ಅಲ್ಲಿ ಶಿಕಾರಿಯ ಪರವಾನಗಿ ಪಡೆದು, .308 ವಿಂಚೆಸ್ಟರ್ ರೈಫಲೊಂದನ್ನು ಕೊಂಡ ವಾರದಲ್ಲೇ ನನಗೆ ಫೋನು ಮಾಡಿದ್ದ. "ಮಾವ, .308ರ ತೋಟಾ ಕೊಡಿ ಅಂದರೆ ಒಂದು ಗೋಡೆ ಪೂರ್ತಿ ಡಬ್ಬಿ ತೋರಿಸುತ್ತಾರೆ. ಎಲ್ಲದರ ಮೇಲೂ ಜಿಂಕೆಯ ಚಿತ್ರವೇ ಇದೆ. ಯಾವುದನ್ನು ತಗೊಳ್ಳಲಿ?" ಎಂಬುದು ಅವನ ಪ್ರಶ್ನೆಯಾಗಿತ್ತು. ಸಕಲೇಶಪುರ ತಾಲ್ಲೂಕಿನ ತೋಟದ ಮನೆಯಲ್ಲಿ ಕೂತು ಟೆಕ್ಸಸ್‌ನ ಹಂದಿಗೆ ಗುಂಡು ಆರಿಸಿಕೊಡುವುದು ವಿಚಿತ್ರವೆನಿಸಿದರೂ, ನಮ್ಮ ಹಾಸನ, ಚಿಕ್ಕಮಗಳೂರು ಕಡೆಯ ಎಷ್ಟೋ ಹುಡುಗರು ಈಗ ಶಿಕಾರಿ ಕಾನೂನುಬದ್ಧವಾಗಿರುವ ದೇಶಗಳಲ್ಲಿ ನೆಲೆಸಿದ್ದಾರೆ, ಅವರಲ್ಲಿ ಹಲವರಿಗೆ ಕೋವಿಯ ಪರಿಚಯ ಮನೆಯಿಂದಲೇ ಬಂದಿರುತ್ತದೆ. ಅವನಿಗೆ ಹೇಳಿದ್ದನ್ನೇ ಕೊಂಚ ವಿಸ್ತರಿಸಿ ಇಲ್ಲಿ ಬರೆದಿದ್ದೇನೆ.

ನಮ್ಮ ಮೇಜಿನ ಖಾನೆಯಲ್ಲಿ, ಕಾಫಿ ಬೀಜದ ಸ್ಯಾಂಪಲ್ ಹಾಕಿಡುವ ಹಳೆಯ ತಗಡಿನ ಡಬ್ಬಿಯಲ್ಲಿ, ಒಂದು ಗುಂಡಿದೆ. ಶಿಕಾರಿಗೆ ಸರ್ಕಾರವೇ ಪರವಾನಗಿ ಕೊಡುತ್ತಿದ್ದ 1960ರ ದಶಕದಲ್ಲಿ ತಾತ ತನ್ನ .315 ರೈಫಲಿನಿಂದ ಹೊಡೆದ ಒಂಟಿಗ ಹಂದಿಯ ಆಚೆ ಪಕ್ಕೆಯ ಚರ್ಮದಡಿಯಲ್ಲಿ ಅದು ಸಿಕ್ಕಿತ್ತಂತೆ. ಮುಂದಿನ ಅರ್ಧ ಅಣಬೆಯ ಕೊಡೆಯಂತೆ ಅರಳಿ ಹಿಂದಕ್ಕೆ ಮಡಚಿಕೊಂಡಿದೆ, ಹಿಂದಿನ ಅರ್ಧದಲ್ಲಿ ನಳಿಗೆಯೊಳಗಿನ ತಿರುಚು ಗೀರುಗಳ ಗುರುತು ಇನ್ನೂ ಚೊಕ್ಕವಾಗಿದೆ. ಮೆಣಸಿನ ಸ್ಯಾಂಪಲ್ ತೂಗುವ ತಕ್ಕಡಿಯಲ್ಲಿಟ್ಟರೆ 12.6 ಗ್ರಾಂ ತೂಗುತ್ತದೆ. .315ರ ಗುಂಡು ಹೊಸದಿದ್ದಾಗ 244 ಗ್ರೇನ್, ಅಂದರೆ ಸುಮಾರು 15.8 ಗ್ರಾಂ. (ಗ್ರೇನ್ ಎಂಬ ಅಳತೆ ತೊಡಕೆನಿಸುವವರು ನಮ್ಮ ಅಕ್ಕಸಾಲಿಗರ ಗುಲಗಂಜಿಯನ್ನು ನೆನೆದುಕೊಳ್ಳಬಹುದು, ಒಂದು ಗುಲಗಂಜಿ ಹೆಚ್ಚುಕಡಿಮೆ ಎರಡು ಗ್ರೇನ್.) ಐದರಲ್ಲಿ ನಾಲ್ಕು ಪಾಲು ತೂಕ ಉಳಿಸಿಕೊಂಡು, ಅಗಲದಲ್ಲಿ ಇಮ್ಮಡಿಯಾಗಿ, ಹಂದಿಯ ಮೈಯನ್ನು ಅಡ್ಡಲಾಗಿ ದಾಟಿದ ಗುಂಡು ಅದು. ಅದರಲ್ಲಿ ವಿಶೇಷ ತಂತ್ರಜ್ಞಾನವೇನೂ ಇರಲಿಲ್ಲ. ತೆಳು ಕವಚ, ಒಳಗೆ ಸೀಸ, ತುದಿಯಲ್ಲಿ ಬರಿಯ ಸೀಸ, ಅಷ್ಟೇ. ಹಾಗಿದ್ದೂ ಅದು ಅಷ್ಟು ಅಚ್ಚುಕಟ್ಟಾಗಿ ಕೆಲಸ ಮಾಡಿದ್ದೇಕೆ ಎಂಬುದು ತಿಳಿದರೆ ಡಬ್ಬಿಗಳ ಗೋಡೆಯ ಮುಂದೆ ನಿಂತಾಗ ಗೊಂದಲ ಅರ್ಧಕ್ಕರ್ಧ ಕಡಿಮೆಯಾಗುತ್ತದೆ.

ಬೇಟೆಯ ಗುಂಡಿನಿಂದ ನಾವು ಒಂದಕ್ಕೊಂದು ಹೊಂದದ ಎರಡು ಕೆಲಸಗಳನ್ನು ಕೇಳುತ್ತೇವೆ. ಅದು ಒಳಹೊಕ್ಕ ಕೂಡಲೇ ಅರಳಬೇಕು, ಇಲ್ಲದಿದ್ದರೆ ಸಣ್ಣ ತೂತು ಮಾಡಿ ಆಚೆ ಹೋಗುತ್ತದೆ ಮತ್ತು ಪ್ರಾಣಿ ಮೈಲಿಗಟ್ಟಲೆ ಓಡಿ ನರಳಿ ಸಾಯುತ್ತದೆ. ಅದೇ ಗುಂಡು ಚೂರಾಗದೆ ಒಟ್ಟಾಗಿಯೂ ಇರಬೇಕು, ಇಲ್ಲದಿದ್ದರೆ ಭುಜದ ಮೂಳೆಯ ಮೇಲೆಯೇ ಪುಡಿಯಾಗಿ, ಹೃದಯ ಮತ್ತು ಶ್ವಾಸಕೋಶವನ್ನು ಮುಟ್ಟುವುದೇ ಇಲ್ಲ. ಈ ಎರಡರ ನಡುವಿನ ತಕ್ಕಡಿಯನ್ನು ತೂಗುವುದು ಕ್ಯಾಲಿಬರ್, ಅಂದರೆ ಗುಂಡಿನ ದಪ್ಪ, ಅಲ್ಲ, ಪ್ರಾಣಿಗೆ ತಾಗುವ ಕ್ಷಣದಲ್ಲಿ ಗುಂಡಿಗಿರುವ ವೇಗ. ತಾತನ .315ರ ಗುಂಡು ನಳಿಗೆಯ ಬಾಯಿಯಲ್ಲೇ ಸೆಕೆಂಡಿಗೆ 2,000 ಅಡಿಯ ಆಸುಪಾಸಿನಲ್ಲಿ ಹೊರಡುತ್ತದೆ. ಆ ವೇಗದಲ್ಲಿ ಸಾಧಾರಣ ಸೀಸದ ಗುಂಡು ಅರಳುತ್ತದೆ, ಆದರೆ ಒಡೆಯುವುದಿಲ್ಲ. ಅದರ ಜೊತೆಗೆ, ತನ್ನ ದಪ್ಪಕ್ಕೆ ಹೋಲಿಸಿದರೆ ಅದು ಬಲು ಉದ್ದದ, ಭಾರದ ಗುಂಡು, ಹಾಗಾಗಿ ನಿಧಾನವಾಗಿಯಾದರೂ ಆಳಕ್ಕೆ ನುಗ್ಗುತ್ತದೆ. ಅಳಿಯನ .308ರಲ್ಲಿ 150 ಗ್ರೇನಿನ ಗುಂಡು ಹೊರಡುವುದು 2,820 ಅಡಿಯ ವೇಗದಲ್ಲಿ. ಸಾಧಾರಣ ಆಕಾರದ ಗುಂಡಾದರೆ 100 ಗಜದಲ್ಲಿ ಅದು 2,530ಕ್ಕೆ, 200 ಗಜದಲ್ಲಿ 2,260ಕ್ಕೆ, 300 ಗಜದಲ್ಲಿ 2,000ಕ್ಕೆ ಇಳಿಯುತ್ತದೆ. ಅಂದರೆ ಒಂದೇ ಡಬ್ಬಿಯ ಒಂದೇ ಗುಂಡು ಮೂವತ್ತು ಗಜದಲ್ಲಿ ಒಂದು ರೀತಿ, ಮುನ್ನೂರು ಗಜದಲ್ಲಿ ಬೇರೆಯೇ ರೀತಿ ವರ್ತಿಸುತ್ತದೆ, ಮುನ್ನೂರು ಗಜದಲ್ಲಿ ಅದು ತಾತನ ಗುಂಡು ಹೊರಟ ವೇಗಕ್ಕೆ ಬಂದು ಮುಟ್ಟಿರುತ್ತದೆ.

ಆದ್ದರಿಂದ ಅಂಗಡಿಯವನಿಗೆ ಉತ್ತರ ಕೊಡುವ ಮೊದಲು ನೀವು ಕೊಟ್ಟುಕೊಳ್ಳಬೇಕಾದ ಉತ್ತರಗಳು ಎರಡೇ. ಈಡು ಸಾಮಾನ್ಯವಾಗಿ ಎಷ್ಟು ದೂರದಲ್ಲಿ ಬೀಳುತ್ತದೆ? ಗುಂಡಿಗೆ ಮೊದಲು ಎದುರಾಗುವುದು ಜಿಂಕೆಯ ತೆಳು ಪಕ್ಕೆಯೋ, ಗಂಡು ಹಂದಿಯ ಭುಜವೋ?

ಗುಂಡಿನ ಬಗೆಗಳು

ಪೂರ್ತಿ ಕವಚದ ಗುಂಡನ್ನು ಮೊದಲೇ ಬದಿಗಿಡೋಣ. ತುದಿಯವರೆಗೂ ಲೋಹದ ಕವಚ ಹೊದ್ದ, ಅರಳದ ಇದು ಸೈನ್ಯದ ಗುಂಡು. ಕಲ್ಕತ್ತದ ಬಳಿಯ ದಮ್‌ದಮ್ ಶಸ್ತ್ರಾಗಾರದಲ್ಲಿ 1890ರ ದಶಕದಲ್ಲಿ ತುದಿ ತೆರೆದ ಸೀಸದ ಗುಂಡನ್ನು ಸೈನ್ಯಕ್ಕಾಗಿ ತಯಾರಿಸಿದ್ದು, ಅದರ ಗಾಯದ ಭೀಕರತೆಯನ್ನು ಕಂಡು 1899ರ ಹೇಗ್ ಘೋಷಣೆ ಅರಳುವ ಗುಂಡನ್ನು ಯುದ್ಧದಲ್ಲಿ ನಿಷೇಧಿಸಿದ್ದು ಇತಿಹಾಸ. ಬೇಟೆಯಲ್ಲಿ ನ್ಯಾಯ ಇದಕ್ಕೆ ತದ್ವಿರುದ್ಧ. ಇಲ್ಲಿ ಅರಳದ ಗುಂಡೇ ಕ್ರೂರ. ಅಮೆರಿಕದ ಹಲವು ರಾಜ್ಯಗಳು ಜಿಂಕೆಯ ಶಿಕಾರಿಗೆ ಪೂರ್ತಿ ಕವಚದ ಗುಂಡನ್ನು ಒಪ್ಪುವುದಿಲ್ಲ. ಅಗ್ಗಕ್ಕೆ ಸಿಗುತ್ತದೆಂದು ಅದನ್ನು ಗುರಿ ಅಭ್ಯಾಸಕ್ಕೆ ಕೊಳ್ಳಬಹುದು, ಕಾಡಿಗೆ ಒಯ್ಯಬಾರದು. ಆಫ್ರಿಕಾದಲ್ಲಿ ಆನೆ, ಕಾಡೆಮ್ಮೆಗಳಿಗೆ ಬಳಸುವ ಗಟ್ಟಿ ಗುಂಡಿನ ವಿಚಾರವೇ ಬೇರೆ, ಅದು ನಮ್ಮ ಚರ್ಚೆಯ ಆಚೆಗಿನದು.

ಮೆದು ಮೂತಿಯ ಗುಂಡು, ಅಂದರೆ ಸಾಫ್ಟ್ ಪಾಯಿಂಟ್, ತಾತನ ಡಬ್ಬಿಯ ಗುಂಡಿನ ಜಾತಿಗೇ ಸೇರಿದ್ದು. ತಾಮ್ರ ಮತ್ತು ಸತುವಿನ ಮಿಶ್ರಲೋಹದ ಕವಚದೊಳಗೆ ಸೀಸದ ತಿರುಳು, ತುದಿಯಲ್ಲಿ ಸೀಸ ಇಣುಕುತ್ತಿರುತ್ತದೆ. ರೆಮಿಂಗ್ಟನ್ ಕಂಪನಿಯ ಕೋರ್-ಲಾಕ್ಟ್ 1939ರಿಂದ ಮಾರುಕಟ್ಟೆಯಲ್ಲಿದೆ, ಇವತ್ತಿಗೂ ಮಾರಾಟವಾಗುತ್ತಿದೆ. ಇದನ್ನು ಹಳೆಯದೆಂದು ತಳ್ಳಿಹಾಕುವವರ ಮಾತನ್ನು ನಾನು ಒಪ್ಪುವುದಿಲ್ಲ. ತಾಗುವ ವೇಗ 1,800ರಿಂದ 2,500 ಅಡಿಯೊಳಗೆ ಇರುವವರೆಗೆ, ಪ್ರಾಣಿ ಜಿಂಕೆಯ ಗಾತ್ರದ್ದಾಗಿರುವವರೆಗೆ, ಈ ಗುಂಡಿನಲ್ಲಿ ದೋಷ ಹುಡುಕುವುದು ಕಷ್ಟ. ಮೇಲಾಗಿ ಬೆಲೆ ಕಡಿಮೆಯಾದ್ದರಿಂದ ಅದೇ ತೋಟಾದಲ್ಲಿ ಸಾಕಷ್ಟು ಅಭ್ಯಾಸವನ್ನೂ ಮಾಡಬಹುದು, ಹೊಸಬನಿಗೆ ಅದು ಸಣ್ಣ ಲಾಭವಲ್ಲ.

ಪ್ಲಾಸ್ಟಿಕ್ ತುದಿಯ, ಬೇಗ ಅರಳುವ ಗುಂಡುಗಳ ಕಥೆಯನ್ನು ಅಳಿಯನ ಅನುಭವದಿಂದಲೇ ಹೇಳಬೇಕು. ಡಬ್ಬಿ ನೋಡಿ ಮರುಳಾಗಿ ಅವನು ಮೊದಲು ಕೊಂಡದ್ದು ಅಂಥದ್ದನ್ನೇ, 150 ಗ್ರೇನಿನದು. ಚೂಪು ತುದಿಯಿಂದಾಗಿ ಗಾಳಿಯಲ್ಲಿ ವೇಗ ಕಳೆದುಕೊಳ್ಳುವುದು ಕಡಿಮೆ, ತಾಗಿದ ಕೂಡಲೇ ತುದಿ ಹಿಂದಕ್ಕೆ ಒತ್ತಿ ಗುಂಡನ್ನು ಬಿರಿಯುವಂತೆ ಮಾಡುತ್ತದೆ. ಬಯಲು ಸೀಮೆಯಲ್ಲಿ, 250 ಗಜದಾಚೆ ನಿಂತ ಸಣ್ಣ ಜಿಂಕೆಗೆ ಇದಕ್ಕಿಂತ ಒಳ್ಳೆಯದಿಲ್ಲ. ಅವನು ಕೂತದ್ದು ಮಾತ್ರ ಟೆಕ್ಸಸ್‌ನ ಲಾನೋ ಕಡೆಯ ಕುರುಚಲು ಕಾಡಿನ ಅಂಚಿನಲ್ಲಿ, ನಮ್ಮಲ್ಲಿ ಮರಸು ಕೂತಂತೆ, ಹಂದಿ ಬಂದದ್ದು ನಲವತ್ತು ಗಜಕ್ಕೆ. ಗುಂಡು 2,700 ಅಡಿಯ ವೇಗದಲ್ಲಿ ನೇರ ಭುಜಕ್ಕೆ ತಾಗಿತು. ಹಂದಿ ಕುಸಿಯಿತು, ಎದ್ದಿತು, ಓಡಿತು. ಟಾರ್ಚು ಹಿಡಿದು ಎರಡು ಗಂಟೆ ರಕ್ತದ ಜಾಡು ಹುಡುಕಿ, ಕೊನೆಗೆ ಮುಳ್ಳುಪೊದೆಯೊಳಗೆ ಇನ್ನೊಂದು ಈಡು ಹೊಡೆದು ಮುಗಿಸಬೇಕಾಯಿತು. ಚರ್ಮ ಸುಲಿದಾಗ ಭುಜದ ಮೇಲೆ ಅಂಗೈಯಗಲದ ಗಾಯವಿತ್ತು, ಮಾಂಸವೆಲ್ಲ ಸೀಸದ ಹರಳು ಬೆರೆತು ಹಾಳಾಗಿತ್ತು, ಪಕ್ಕೆಲುಬಿನ ಒಳಗೆ ಒಂದು ಚೂರೂ ಹೋಗಿರಲಿಲ್ಲ. ತಯಾರಕರನ್ನು ದೂರುವಂತಿಲ್ಲ. ಗುಂಡು ತನ್ನ ಸ್ವಭಾವದಂತೆ ನಡೆದುಕೊಂಡಿತು, ತಪ್ಪಾದದ್ದು ಜಾಗ ಮತ್ತು ದೂರ.

ಇಲ್ಲಿ ಹಂದಿಯ ಮೈಕಟ್ಟಿನ ಬಗ್ಗೆ ಎರಡು ಮಾತು ಅಗತ್ಯ. ಜಿಂಕೆಯ ಮುಂಗಾಲಿನ ಹಿಂದೆ ಹೊಡೆದರೆ ಗುಂಡು ಮೂಳೆಗೆ ಸಿಗದೆ ಶ್ವಾಸಕೋಶ ಸೇರುತ್ತದೆ. ಹಂದಿಯ ಹೃದಯ ಮತ್ತು ಶ್ವಾಸಕೋಶ ಅದಕ್ಕಿಂತ ಮುಂದಕ್ಕೂ ಕೆಳಕ್ಕೂ ಇದ್ದು, ಭುಜದ ಮರೆಯಲ್ಲೇ ಅಡಗಿರುತ್ತವೆ. ಬಲಿತ ಗಂಡಿನ ಭುಜದ ಮೇಲೆ ಗಂಡುಗಳ ಕಾದಾಟದಲ್ಲಿ ಕೋರೆಯ ಪೆಟ್ಟು ತಡೆಯಲೆಂದೇ ಬೆಳೆದ, ಗುರಾಣಿಯಂಥ ಗಡಸು ಪದರವೂ ಇರುತ್ತದೆ. ಜಿಂಕೆಗೆ ಹೊಡೆದಂತೆ ಭುಜದ ಹಿಂದೆ ಗುರಿಯಿಟ್ಟವನು ಹಂದಿಯ ಹೊಟ್ಟೆಗೆ ಹೊಡೆಯುತ್ತಾನೆ. ಸರಿಯಾದ ಜಾಗಕ್ಕೆ ಗುರಿಯಿಟ್ಟವನ ಗುಂಡು ಪದರವನ್ನೂ ಮೂಳೆಯನ್ನೂ ದಾಟಿಯೇ ಹೋಗಬೇಕು. ಹಂದಿಗೂ ಜಿಂಕೆಗೂ ಒಂದೇ ಡಬ್ಬಿ ಸಾಕೇ ಎಂಬ ಪ್ರಶ್ನೆಗೆ ಉತ್ತರ ಇಲ್ಲಿಂದ ಹೊರಡುತ್ತದೆ.

ವೇಗ ಹೆಚ್ಚಿದ್ದರೂ ಒಡೆಯದ ಗುಂಡಿನ ಹುಡುಕಾಟ ಹೊಸದಲ್ಲ. 1946ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಜಾನ್ ನೋಸ್ಲರ್ ಎಂಬವರು .300 ಎಚ್ ಅಂಡ್ ಎಚ್ ಮ್ಯಾಗ್ನಮ್ ಎಂಬ ಹೆಚ್ಚು ವೇಗದ ತೋಟಾದ ರೈಫಲಿನಿಂದ ಹೊಡೆದ ಗುಂಡುಗಳು, ಕೆಸರು ಮೆತ್ತಿಕೊಂಡಿದ್ದ ಮೂಸ್ ಎಂಬ ಭಾರಿ ಜಿಂಕೆಯೊಂದರ ಭುಜದ ಮೇಲೆಯೇ ಒಡೆದುಹೋದವು. ಆ ಬೇಸರದಿಂದ ಅವರು ರೂಪಿಸಿದ್ದು ಪಾರ್ಟಿಷನ್ ಗುಂಡು, 1948ರಲ್ಲಿ ಮಾರಾಟಕ್ಕೆ ಬಂತು. ಗುಂಡಿನ ನಡುವೆ ತಾಮ್ರದ ಅಡ್ಡಗೋಡೆ, ಮುಂದಿನ ಕೋಣೆಯ ಸೀಸ ಅರಳಿ ಚೆದುರಿದರೂ ಹಿಂದಿನ ಕೋಣೆ ಇಡಿಯಾಗಿ ಮುಂದಕ್ಕೆ ನುಗ್ಗುತ್ತದೆ. ಮೂರನೇ ಒಂದು ಭಾಗ ತೂಕ ಕಳೆದುಕೊಂಡರೂ ನಂಬಿಕೆ ಕಳೆದುಕೊಳ್ಳದ ಗುಂಡು ಇದು, ಆದರೆ ಈಗ ಬೆಲೆ ದುಬಾರಿ.

ಅದೇ ಸಮಸ್ಯೆಗೆ ಇನ್ನೊಂದು ಪರಿಹಾರ ಬೆಸೆದ ಗುಂಡು, ಬಾಂಡೆಡ್ ಎನ್ನುತ್ತಾರೆ. ಇದರಲ್ಲಿ ಸೀಸದ ತಿರುಳನ್ನು ಕವಚಕ್ಕೆ ಬೆಸುಗೆ ಹಾಕಿದಂತೆ ಅಂಟಿಸಿರುತ್ತಾರೆ, ಅರಳಿದ ಮೇಲೂ ಎರಡೂ ಬೇರೆಯಾಗುವುದಿಲ್ಲ. ನೋಸ್ಲರ್‌ನ ಅಕ್ಯುಬಾಂಡ್, ನಾರ್ಮಾದ ಓರಿಕ್ಸ್, ಫೆಡರಲ್‌ನ ಫ್ಯೂಷನ್ ಈ ಗುಂಪಿನವು. ಅಡ್ಡಗೋಡೆ, ಬೆಸುಗೆ ಎರಡನ್ನೂ ಸೇರಿಸಿದ್ದು ಸ್ವಿಫ್ಟ್ ಎ-ಫ್ರೇಮ್. ಕುರುಚಲು ಕಾಡಿನ ಹಂದಿಗೂ, ಇನ್ನೂರು ಗಜದ ಜಿಂಕೆಗೂ ಒಂದೇ ತೋಟಾ ಇಟ್ಟುಕೊಳ್ಳಬೇಕೆನ್ನುವವರಿಗೆ ನಾನು ಹೇಳುವುದು ಇದನ್ನೇ, .308ರಲ್ಲಾದರೆ 165 ಗ್ರೇನಿನದು. ಫ್ಯೂಷನ್‌ನಂಥವು ಸಾಧಾರಣ ಮೆದು ಮೂತಿಯ ತೋಟಾಕ್ಕಿಂತ ತೀರಾ ದುಬಾರಿಯೂ ಅಲ್ಲ.

ಇಡೀ ತಾಮ್ರದ ಗುಂಡು ಈ ಕಥೆಯ ಕೊನೆಯ ಅಧ್ಯಾಯ. ಬಾರ್ನ್ಸ್ ಕಂಪನಿಯ ರ‍್ಯಾಂಡಿ ಬ್ರೂಕ್ಸ್ 1989ರಲ್ಲಿ ತಂದ ಎಕ್ಸ್ ಗುಂಡಿನಲ್ಲಿ ಸೀಸವೇ ಇರಲಿಲ್ಲ. ಮೂತಿಯಲ್ಲಿ ಕೊರೆದ ರಂಧ್ರ ತಾಗಿದೊಡನೆ ಬಿರಿದು, ನಾಲ್ಕು ಎಸಳಾಗಿ ಹಿಂದಕ್ಕೆ ಮಡಚಿಕೊಳ್ಳುತ್ತದೆ. ನೂರಕ್ಕೆ 95ಕ್ಕೂ ಮೇಲೆ ತೂಕ ಉಳಿಸಿಕೊಳ್ಳುವುದು ಇದಕ್ಕೆ ಸಹಜ. ಅಳಿಯ ಎರಡನೇ ವರ್ಷ ಹಂದಿಯೊಂದರ ಮೈಯಿಂದ ತೆಗೆದ 165 ಗ್ರೇನಿನ ತಾಮ್ರದ ಗುಂಡನ್ನು ವಿಡಿಯೊ ಕರೆಯಲ್ಲಿ ತಕ್ಕಡಿಗೆ ಇಟ್ಟು ತೋರಿಸಿದ, 163 ಗ್ರೇನ್ ಇತ್ತು. ನಾನು ಇತ್ತ ತಾತನ ಗುಂಡನ್ನು ಹಿಡಿದು ತೋರಿಸಿದೆ. ಅವನದು ಹೂವಿನಂತೆ, ನನ್ನದು ಅಣಬೆಯಂತೆ ಕಾಣುತ್ತಿತ್ತು.

ತಾಮ್ರಕ್ಕೂ ಅದರದೇ ಷರತ್ತುಗಳಿವೆ. ಸೀಸಕ್ಕಿಂತ ಅದು ಗಡಸು, ಹಾಗಾಗಿ ಅರಳಲು ವೇಗ ಬೇಕು. ತಾಗುವ ವೇಗ 2,000 ಅಡಿಗಿಂತ ಕೆಳಗಿಳಿದರೆ ಹಲವು ತಾಮ್ರದ ಗುಂಡುಗಳು ಪೂರ್ತಿ ಅರಳದೆ ಪೂರ್ತಿ ಕವಚದ ಗುಂಡಿನಂತೆಯೇ ವರ್ತಿಸುತ್ತವೆ. ಸೀಸಕ್ಕಿಂತ ಹಗುರ ಲೋಹವಾದ್ದರಿಂದ, ಅಷ್ಟೇ ತೂಕಕ್ಕೆ ಗುಂಡು ಉದ್ದವಾಗುತ್ತದೆ, ಉದ್ದ ಗುಂಡನ್ನು ನೇರವಾಗಿ ಹಾರಿಸಲು ನಳಿಗೆಯ ತಿರುಚು ಬಿಗಿಯಾಗಿರಬೇಕು. ಈ ಎರಡೂ ಕಾರಣಕ್ಕೆ ತಾಮ್ರವನ್ನು ಆರಿಸುವವರು ಸೀಸದಲ್ಲಿ ಬಳಸುತ್ತಿದ್ದುದಕ್ಕಿಂತ ಒಂದು ಮೆಟ್ಟಿಲು ಹಗುರವಾದ ಗುಂಡನ್ನು ತೆಗೆದುಕೊಂಡು ವೇಗ ಹೆಚ್ಚಿಸಿಕೊಳ್ಳುವುದು ರೂಢಿ. ಕೆಲವೆಡೆ ಈ ಆಯ್ಕೆಯನ್ನು ಕಾನೂನೇ ಮಾಡಿಬಿಡುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 2013ರಲ್ಲಿ ಆದ ಕಾಯ್ದೆಯಂತೆ 2019ರ ಜುಲೈ 1ರಿಂದ ಶಿಕಾರಿಯಲ್ಲಿ ಸೀಸದ ಗುಂಡು ಪೂರ್ತಿ ನಿಷಿದ್ಧ. ಬಿಟ್ಟುಹೋದ ಕರುಳು, ಮಾಂಸದಲ್ಲಿನ ಸೀಸದ ಚೂರುಗಳನ್ನು ತಿಂದು ಕಾಂಡೋರ್ ಹದ್ದುಗಳು ಸಾಯುತ್ತಿದ್ದುದು ಅದಕ್ಕೆ ಮುಖ್ಯ ಕಾರಣ. ಮಾಂಸ ಮನೆಗೆ ತರುವವರು, ಅದರಲ್ಲೂ ಮಕ್ಕಳಿರುವ ಮನೆಯವರು, ಕಾನೂನಿಗೆ ಕಾಯದೆ ತಾಮ್ರದ ಕಡೆ ಹೊರಳುವುದರಲ್ಲಿ ಅರ್ಥವಿದೆ. ಸೀಸದ ಹರಳು ಗಾಯದ ಸುತ್ತ ಕಣ್ಣಿಗೆ ಕಾಣುವುದಕ್ಕಿಂತ ಬಹುದೂರ ಹರಡಿರುತ್ತದೆ.

ಕಂಪನಿಯ ತೋಟಾವೋ, ಮನೆಯಲ್ಲಿ ತುಂಬಿದ್ದೋ

ಅಮೆರಿಕದಲ್ಲಿ ನೆಲೆಸಿದವರ ಎರಡನೇ ಪ್ರಶ್ನೆ ಇದು. ಖಾಲಿ ಹಿತ್ತಾಳೆ ಕೋಶವನ್ನು ಉಳಿಸಿಕೊಂಡು, ಮದ್ದಿಗೆ ಕಿಡಿ ಕೊಡುವ ಹೊಸ ಕೇಪು, ಮದ್ದು, ಗುಂಡು ಕೂರಿಸಿ ಮತ್ತೆ ತೋಟಾ ಮಾಡಿಕೊಳ್ಳುವ ಹವ್ಯಾಸ ಅಮೆರಿಕದಲ್ಲಿ ವ್ಯಾಪಕವಾಗಿದೆ. ನಮ್ಮ ಹಿರಿಯರಿಗೂ ಇದು ಅಪರಿಚಿತವಲ್ಲ. ಕೇಪಿನ ಕೋವಿಗೆ ಮದ್ದು ಸುರಿದು ಗಜವೆಂಬ ಸಲಾಕೆಯಿಂದ ಜಡಿದವರು, ಹನ್ನೆರಡು ಬೋರಿನ ಹಿತ್ತಾಳೆ ತೋಟಾವನ್ನು ಮನೆಯ ಜಗಲಿಯಲ್ಲೇ ತುಂಬಿಕೊಂಡವರು ಇಲ್ಲಿ ಇದ್ದರು. ಅಪಾಯ ಇರುವುದು ಆ ನೆನಪಿನಲ್ಲೇ. ಕರಿಮದ್ದು ಒಂದಿಷ್ಟು ಹೆಚ್ಚುಕಡಿಮೆಯಾದರೂ ಸಹಿಸಿಕೊಳ್ಳುತ್ತಿತ್ತು, ಹೆಬ್ಬೆರಳಿನ ಅಂದಾಜು ನಡೆಯುತ್ತಿತ್ತು. ಹೊಗೆಯಿಲ್ಲದ ಈಗಿನ ಮದ್ದು ಹಾಗಲ್ಲ. .308ರ ಕೋಶದೊಳಗೆ ಒತ್ತಡ ಚದರ ಅಂಗುಲಕ್ಕೆ 62,000 ಪೌಂಡಿನವರೆಗೆ ಹೋಗಬಹುದು, ಮತ್ತು ಅದು ಮುಖದಿಂದ ಗೇಣು ದೂರದಲ್ಲಿ ನಡೆಯುತ್ತದೆ. ನೋಡಲು ಒಂದೇ ತೆರನಾದ ಎರಡು ಮದ್ದುಗಳಲ್ಲಿ ಒಂದು ರೈಫಲಿನದು, ಇನ್ನೊಂದು ಬೇಗ ಉರಿಯುವ ಪಿಸ್ತೂಲಿನದು ಆಗಿದ್ದರೆ, ಅದಲುಬದಲಾದ ಒಂದೇ ತೋಟಾ ರೈಫಲನ್ನು ಸೀಳಬಲ್ಲದು. ಆದ್ದರಿಂದ ಮೇಜಿನ ಮೇಲೆ ಒಂದು ಹೊತ್ತಿಗೆ ಒಂದೇ ಮದ್ದಿನ ಡಬ್ಬಿ ಇರಬೇಕೆಂಬ ನಿಯಮವನ್ನು ಅನುಭವಿಗಳು ಮಡಿಯಂತೆ ಪಾಲಿಸುತ್ತಾರೆ.

ಉಳಿತಾಯಕ್ಕೆಂದು ಇದಕ್ಕೆ ಇಳಿಯಬೇಡಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಒಂದು ಪೌಂಡು ಮದ್ದಿನಲ್ಲಿ 7,000 ಗ್ರೇನ್, .308ಕ್ಕೆ ಒಂದು ಸಲಕ್ಕೆ ನಲವತ್ತರ ಆಸುಪಾಸು ಗ್ರೇನ್ ಹಿಡಿಯುವುದರಿಂದ ನೂರೈವತ್ತಕ್ಕೂ ಮೇಲೆ ತೋಟಾ ಆಗುತ್ತವೆ, ಲೆಕ್ಕದಲ್ಲಿ ಅಗ್ಗವೇ. ಆದರೆ ಪ್ರೆಸ್, ಡೈ, ತಕ್ಕಡಿ, ಕ್ಯಾಲಿಪರ್‌ನಂಥ ತುಂಬುವ ಸಲಕರಣೆಗಳಿಗೆ ಹಾಕಿದ ಹಣ ವಾಪಸಾಗಲು, ವರ್ಷಕ್ಕೆ ಎರಡು ಡಬ್ಬಿ ತೋಟಾ ಖರ್ಚು ಮಾಡುವ ಬೇಟೆಗಾರನಿಗೆ ಬಹಳ ವರ್ಷಗಳೇ ಬೇಕು. ತುಂಬಿಕೊಳ್ಳುವವರು ಹಣ ಉಳಿಸುವುದಕ್ಕಿಂತ ಹೆಚ್ಚು ಈಡು ಹೊಡೆಯುತ್ತಾರೆ, ಅಷ್ಟೇ. ಅಂಗಡಿಯಲ್ಲಿ ತೋಟಾ ಅಪರೂಪವಾದ ಹಳೆಯ ಬೋರಿನ ರೈಫಲ್ ಇದ್ದವರಿಗೆ, ಇಲ್ಲವೇ ತಮಗೆ ಬೇಕಾದ ಗುಂಡನ್ನು ತಮಗೆ ಬೇಕಾದ ವೇಗಕ್ಕೆ ಹೊಂದಿಸಿಕೊಳ್ಳಬೇಕಾದವರಿಗೆ ಮಾತ್ರ ಇದರ ನಿಜವಾದ ಪ್ರಯೋಜನ. ಉದಾಹರಣೆಗೆ ಒದೆತ ತಾಳದ ಹೊಸಬರಿಗೆ ವೇಗ ತಗ್ಗಿಸಿದ, ಅದಕ್ಕೆ ತಕ್ಕ ಮೆದು ಗುಂಡಿನ ತೋಟಾ ಕಂಪನಿಗಳಿಂದ ಸಿಗುವುದು ಕಡಿಮೆ.

ಇಳಿಯಲೇಬೇಕೆಂದವರು ಅಚ್ಚಾದ ಕೈಪಿಡಿಯ ಅಂಕಿಗಳಿಂದಲೇ ಆರಂಭಿಸಬೇಕು, ಅದರಲ್ಲೂ ಗರಿಷ್ಠ ಪ್ರಮಾಣಕ್ಕಿಂತ ನೂರಕ್ಕೆ ಹತ್ತರಷ್ಟು ಕಡಿಮೆಯಿಂದ. ಒಂದು ಗುಂಡಿಗೆ ಕೊಟ್ಟ ಪ್ರಮಾಣವನ್ನು ಅಷ್ಟೇ ತೂಕದ ಇನ್ನೊಂದು ಗುಂಡಿಗೆ ಬಳಸಬಾರದು. ಮೇಲೆ ಹೇಳಿದ ತಾಮ್ರದ ಗುಂಡು ಉದ್ದವಾಗಿರುವುದರಿಂದ ಕೋಶದೊಳಗೆ ಹೆಚ್ಚು ಆಳಕ್ಕೆ ಕೂತು, ಮದ್ದಿನ ಜಾಗವನ್ನು ಕಬಳಿಸಿ ಒತ್ತಡ ಏರಿಸುತ್ತದೆ, ಹೊಸಬರು ಎಡವುವುದು ಇಲ್ಲೇ. ಹೊಡೆದ ಮೇಲೆ ನಳಿಗೆಯ ಹಿಂಬದಿ ಮುಚ್ಚುವ ಬೋಲ್ಟನ್ನು ಎತ್ತಲು ಬಿಗಿಯಾದರೆ, ಕೇಪಿನ ಅಂಚು ಚಪ್ಪಟೆಯಾಗಿ ಹರಡಿಕೊಂಡಿದ್ದರೆ, ಕೋಶದ ತಳದಲ್ಲಿ ಹೊಳೆಯುವ ಗುರುತು ಕಂಡರೆ, ಆ ಗುಂಪಿನ ಉಳಿದ ತೋಟಾಗಳನ್ನು ಹೊಡೆಯದೆ ಬಿಚ್ಚಿಬಿಡುವುದೇ ಸರಿ.

ಅಳಿಯ ತುಂಬುವುದನ್ನು ಒಮ್ಮೆ ವಿಡಿಯೊದಲ್ಲಿ ನೋಡಿದ್ದೆ. ಐವತ್ತು ಕೋಶಗಳನ್ನು ಮರದ ಹಲಗೆಯ ಕುಳಿಗಳಲ್ಲಿ ಸಾಲಾಗಿ ನಿಲ್ಲಿಸಿ, ಒಂದೊಂದಕ್ಕೂ ತೂಗಿದ ಮದ್ದನ್ನು ಆಲಿಕೆಯಿಂದ ಸುರಿದ. ಗುಂಡು ಕೂರಿಸುವ ಮೊದಲು ಟಾರ್ಚನ್ನು ಓರೆಯಾಗಿ ಹಿಡಿದು ಎಲ್ಲ ಬಾಯಿಗಳೊಳಗೂ ಇಣುಕಿದ. ನಾಲ್ಕನೇ ಸಾಲಿನ ಒಂದರಲ್ಲಿ ಮದ್ದಿನ ಮಟ್ಟ ಉಳಿದವಕ್ಕಿಂತ ಕೆಳಗಿತ್ತು, ನಡುವೆ ಯಾರೋ ಬಾಗಿಲು ತಟ್ಟಿದಾಗ ಅರ್ಧಕ್ಕೆ ಬಿಟ್ಟದ್ದಂತೆ. ಅದನ್ನು ಸುರಿದು ಮತ್ತೆ ತೂಗಿದ. ಕೇಪು ಕೂರಿಸಿದ ಮೇಲೆ ಪ್ರತಿ ತಳದ ಮೇಲೂ ಬೆರಳಾಡಿಸುತ್ತಿದ್ದ, ಕೇಪು ಕೂದಲೆಳೆಯಷ್ಟು ಒಳಗಿರಬೇಕು, ಎದ್ದಿರಬಾರದು. ಇಷ್ಟು ಏಕಾಗ್ರತೆ ತನಗೆ ಸಾಧ್ಯವಿಲ್ಲ ಎನ್ನುವವರಿಗೆ ಕಂಪನಿಯ ತೋಟಾವೇ ಸರಿ, ಅದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ. ಕೇಪುಗಳಲ್ಲೂ ಎರಡು ಬಗೆಯಿದೆ ಎಂಬುದನ್ನು ಗಮನಿಸಬೇಕು. ಬಾಕ್ಸರ್ ಬಗೆಯ ಕೋಶಕ್ಕೆ ನಡುವೆ ಒಂದೇ ಕಿಂಡಿ, ಹಳೆಯ ಕೇಪನ್ನು ಸೂಜಿಯಿಂದ ತಳ್ಳಿ ತೆಗೆಯಬಹುದು. ಬರ್ಡನ್ ಬಗೆಯದಕ್ಕೆ ಎರಡು ಸಣ್ಣ ಕಿಂಡಿ, ಅದೇ ಸೂಜಿಯಿಂದ ತೆಗೆಯಲಾಗದು. ಬರ್ಡನ್ ಅಮೆರಿಕದವನು, ಬಾಕ್ಸರ್ ಇಂಗ್ಲೆಂಡಿನವನು, ಆದರೆ ಅಮೆರಿಕ ಅಪ್ಪಿಕೊಂಡದ್ದು ಬಾಕ್ಸರನನ್ನು.

ಗುರಿಯ ನಿಖರತೆಗಾಗಿ ತುಂಬುತ್ತೇವೆ ಎನ್ನುವವರ ಮಾತು ಸ್ಪರ್ಧೆಯ ಮಟ್ಟಿಗೆ ಒಪ್ಪುವಂಥದ್ದು. ಜಿಂಕೆಯ ಎದೆಯಲ್ಲಿ ಗುಂಡು ಸೇರಬೇಕಾದ ಜಾಗ ಸುಮಾರು ಎಂಟು ಅಂಗುಲ ಅಗಲದ್ದು. ನೂರು ಗಜದಲ್ಲಿ ಒಂದೂವರೆ ಅಂಗುಲದೊಳಗೆ ಮೂರು ಗುಂಡು ಹಾಕುವ ಕಂಪನಿಯ ತೋಟಾ ಸಿಕ್ಕಿದ್ದರೆ, ಅದನ್ನು ಅರ್ಧ ಅಂಗುಲಕ್ಕೆ ಇಳಿಸಲು ರಾತ್ರಿಗಳನ್ನು ಕಳೆಯುವುದಕ್ಕಿಂತ ಮೊಣಕಾಲೂರಿ, ಮರಕ್ಕೊರಗಿ ಹೊಡೆಯುವುದನ್ನು ಕಲಿಯುವುದು ಮೇಲು.

ಇಲ್ಲಿರುವವರ ವಿಷಯ

ಇದನ್ನು ಹಾಸನ, ಚಿಕ್ಕಮಗಳೂರಿನಲ್ಲೇ ಇದ್ದುಕೊಂಡು ಓದುತ್ತಿರುವವರಿಗೆ ಆಯ್ಕೆಗಳು ಬಹಳ ಕಿರಿದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಈಗ ಇಲ್ಲಿ ಮೋಜಿನ ಶಿಕಾರಿ ಎಂಬುದಿಲ್ಲ. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದು, ಕಾಡುಹಂದಿ ಈಗ ಎರಡನೇ ಅನುಸೂಚಿಯಲ್ಲಿದೆ. ಬೆಳೆ ಹಾಳುಮಾಡುವ ಅಂಥ ಪ್ರಾಣಿಯನ್ನು ಕೊಲ್ಲಲು 11ನೇ ಸೆಕ್ಷನ್ನಿನಡಿ ಮುಖ್ಯ ವನ್ಯಜೀವಿ ವಾರ್ಡನ್ ಅಥವಾ ಅವರಿಂದ ಅಧಿಕಾರ ಪಡೆದ ಅಧಿಕಾರಿ ಕಾರಣ ಬರೆದು ಲಿಖಿತ ಅನುಮತಿ ಕೊಟ್ಟರೆ ಮಾತ್ರ ಸಾಧ್ಯ. ಕೈಯಲ್ಲಿ ಕೋವಿಯ ಲೈಸೆನ್ಸ್ ಇದೆಯೆಂದರೆ ಆ ಅನುಮತಿಯೂ ಇದೆಯೆಂದಲ್ಲ, ನಮ್ಮಲ್ಲಿ ಹಲವರು ಇವೆರಡನ್ನೂ ಒಂದೇ ಎಂದುಕೊಂಡಿದ್ದಾರೆ. ಆನೆಯಂತೂ ಮೊದಲನೇ ಅನುಸೂಚಿಯ ಪ್ರಾಣಿ. ಅದು ತೋಟಕ್ಕೆ ನುಗ್ಗಿದಾಗ ಓಡಿಸಲೆಂದು ಚರೆ ಹಾರಿಸುವುದು ಅಪರಾಧ ಮಾತ್ರವಲ್ಲ, ಗಾಯಗೊಂಡ ಆನೆಯನ್ನು ನಾಳೆ ಇನ್ನೊಬ್ಬರ ತೋಟಕ್ಕೆ ಕಳಿಸಿದಂತೆ. ಅರಣ್ಯ ಇಲಾಖೆಯ ಆನೆ ಕಾರ್ಯಪಡೆಗೆ ಫೋನು ಮಾಡುವುದೊಂದೇ ದಾರಿ. ತೋಟಾ ತುಂಬುವ ವಿಷಯವೂ ಹಾಗೆಯೇ. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಪರವಾನಗಿಯಿಲ್ಲದೆ ತೋಟಾ ತಯಾರಿಸುವುದು ಶಿಕ್ಷಾರ್ಹ. ಜಗಲಿಯ ಆ ಕಾಲ ಮುಗಿದಿದೆ.

ಅನುಮತಿ ಸಿಕ್ಕಿದವರ ಮುಂದೆ ಸಾಮಾನ್ಯವಾಗಿ ಇರುವುದು ಎರಡೇ. ಒಂದು ಹನ್ನೆರಡು ಬೋರಿನ ಜೋಡುನಳಿಗೆ, ಇನ್ನೊಂದು ಇಶಾಪುರದ ಕಾರ್ಖಾನೆಯ .315 ರೈಫಲ್. ಹನ್ನೆರಡು ಬೋರಿನಲ್ಲಿ ಎಲ್.ಜಿ., ಎಸ್.ಜಿ. ದಪ್ಪ ಚರೆಯ ತೋಟಾಗಳ ಮೇಲೆ ನಮ್ಮ ಜನಕ್ಕೆ ಅತಿಯಾದ ನಂಬಿಕೆ. ಇಪ್ಪತ್ತೈದು ಗಜದಾಚೆ ಚರೆಗಳು ಚೆದುರಿ, ಒಂದೋ ಎರಡೋ ಮಾತ್ರ ಹಂದಿಯ ಮೈಗೆ ತಾಗುತ್ತವೆ. ದುಂಡಗಿನ ಸೀಸದ ಗುಂಡು ಬೇಗ ವೇಗ ಕಳೆದುಕೊಳ್ಳುವುದರಿಂದ ಭುಜದ ಗುರಾಣಿಯನ್ನು ದಾಟುವ ಶಕ್ತಿಯೂ ಉಳಿದಿರುವುದಿಲ್ಲ. ಕಾಲು ಕುಂಟುತ್ತಾ, ಮೈತುಂಬ ಕೀವು ತುಂಬಿಕೊಂಡು ತಿರುಗುವ ಹಂದಿಗಳು ಈ ತೋಟಾಗಳ ಫಲ. ಒಂಟಿ ಗುಂಡಿನ ತೋಟಾ, ಅಂದರೆ ಸ್ಲಗ್, ಸುಮಾರು ಒಂದು ಔನ್ಸ್ ತೂಗುತ್ತದೆ. ವೇಗ 1,500 ಅಡಿಯ ಮೇಲಿದ್ದು, ಅರಳದಿದ್ದರೂ ಅದರ ಅಗಲವೇ ಸಾಕಷ್ಟು ಗಾಯ ಮಾಡುತ್ತದೆ. ಐವತ್ತು ಗಜದೊಳಗೆ ಇದು ಚರೆಗಿಂತ ಎಷ್ಟೋ ಪಾಲು ಮಾನವೀಯ, ಆದರೆ ಗುರಿ ನೋಡಲು ತುದಿಯ ಮಣಿಯೊಂದೇ ಇರುವ ಚರೆ ಕೋವಿಯಿಂದ ಅದು ಎಲ್ಲಿ ಬೀಳುತ್ತದೆಂದು ಮೊದಲೇ ಗುರಿಹಲಗೆಗೆ ಹೊಡೆದು ನೋಡಿಕೊಂಡಿರಬೇಕು. .315 ಇದ್ದವರಿಗೆ ನಾನು ಬೇರೇನೂ ಹೇಳಬೇಕಾಗಿಲ್ಲ, ಅದರ ಮೆದು ಮೂತಿಯ 244 ಗ್ರೇನ್ ಈ ಕೆಲಸಕ್ಕೆ ತಕ್ಕದ್ದು. ಎಚ್ಚರ ಬೇಕಾದದ್ದು ಒಂದೇ, ರೈಫಲಿನ ಗುಂಡು ಮೈಲಿಗೂ ಆಚೆ ಹೋಗಬಲ್ಲದು. ಇಳಿಜಾರಿನ ಕಾಫಿ ತೋಟದಲ್ಲಿ ಹಂದಿಯ ಹಿಂದೆ ಮಣ್ಣಿನ ದಿಬ್ಬವಿಲ್ಲದಿದ್ದರೆ, ಅದರಾಚೆ ಕೂಲಿ ಲೈನಿನ ಮನೆಗಳಿರಬಹುದು.

ಅಮೆರಿಕಕ್ಕೆ ಹೊರಟಿರುವವರಿಗೆ ಇನ್ನೊಂದು ವಿಷಯ ಹೇಳಿಬಿಡಬೇಕು. ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿರುವವರು ಬಂದೂಕನ್ನಾಗಲಿ ತೋಟಾವನ್ನಾಗಲಿ ಹೊಂದುವುದನ್ನು ಅಲ್ಲಿಯ ಒಕ್ಕೂಟ ಕಾನೂನು ನಿಷೇಧಿಸುತ್ತದೆ. ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಶಿಕಾರಿ ಪರವಾನಗಿ ಇದ್ದರೆ ಅದಕ್ಕೆ ವಿನಾಯಿತಿ. ಟೆಕ್ಸಸ್‌ನಲ್ಲಿ ಜಮೀನಿನ ಒಡೆಯರ ಒಪ್ಪಿಗೆಯಿದ್ದರೆ ಖಾಸಗಿ ಜಮೀನಿನ ಕಾಡುಬಿದ್ದ ಹಂದಿಗೆ 2019ರಿಂದ ಪರವಾನಗಿಯೇ ಬೇಡವೆಂಬ ನಿಯಮವನ್ನು ಕೇಳಿ ನಮ್ಮ ಹುಡುಗರು ಪರವಾನಗಿ ಮಾಡಿಸುವುದನ್ನು ಬಿಡುತ್ತಾರೆ. ರಾಜ್ಯದ ಆ ರಿಯಾಯಿತಿ ವೀಸಾದವರ ತೊಡಕನ್ನು ಬಿಡಿಸುವುದಿಲ್ಲ, ಆದ್ದರಿಂದ ಪರವಾನಗಿ ಮಾಡಿಸಿ, ಪ್ರತಿ ವರ್ಷ ನವೀಕರಿಸಿಕೊಂಡು, ಜೇಬಿನಲ್ಲೇ ಇಟ್ಟುಕೊಳ್ಳಬೇಕು.

ಅಳಿಯ ಈಗ ಎರಡೇ ತೋಟಾ ಇಟ್ಟುಕೊಂಡಿದ್ದಾನೆ. ಗುರಿ ಅಭ್ಯಾಸಕ್ಕೂ ಜಿಂಕೆಗೂ ಅಂಗಡಿಯ ಸಾಧಾರಣ ಮೆದು ಮೂತಿಯ 150 ಗ್ರೇನ್, ಹಂದಿಗೆ 165 ಗ್ರೇನಿನ ತಾಮ್ರ. ಎರಡೂ ಒಂದೇ ಜಾಗಕ್ಕೆ ಬೀಳುವುದಿಲ್ಲ, ನೂರು ಗಜದಲ್ಲಿ ಎರಡು ಅಂಗುಲ ವ್ಯತ್ಯಾಸ ಬರುತ್ತದೆ. ಹಾಗಾಗಿ ಋತುವಿನ ಆರಂಭದಲ್ಲಿ ತಣ್ಣಗಿರುವ ನಳಿಗೆಯಿಂದ ಪ್ರತಿಯೊಂದರಲ್ಲೂ ಮೂರು ಮೂರು ಈಡು ಹೊಡೆದು, ಗುರಿ ನೋಡುವ ದುರ್ಬೀನಿನ (ಸ್ಕೋಪಿನ) ತಿರುಪನ್ನು ಎಷ್ಟು ತಿರುಗಿಸಬೇಕೆಂದು ಚೀಟಿಯಲ್ಲಿ ಬರೆದು ಹಿಡಿಗೆ ಅಂಟಿಸಿದ್ದಾನೆ. ಹೊಸ ಡಬ್ಬಿಯ ಲಾಟ್ ನಂಬರ್, ಅಂದರೆ ತಯಾರಾದ ಕಂತಿನ ಸಂಖ್ಯೆ, ಬದಲಾಗಿದ್ದರೆ ಚೀಟಿ ಹರಿದು ಮತ್ತೆ ಮೂರು ಹೊಡೆಯುತ್ತಾನೆ.